ಮನೆಯೊಳಗಿನ ಮೌನ

ಮಕ್ಕಳು ಚಿಕ್ಕವರಾಗಿರುವಾಗ ಅವರ ಹಠವು ನಮ್ಮನ್ನು ದಣಿಸುತ್ತದೆ. ಹದಿಹರೆಯಕ್ಕೆ ಬಂದಾಗ ಅವರ ನಿರ್ಧಾರಗಳು ನಮ್ಮನ್ನು ಹೆದರಿಸುತ್ತವೆ. ದಣಿವು ಒಂದು ರಾತ್ರಿಯ ನಿದ್ರೆಯಿಂದ ಕಳೆಯುತ್ತದೆ. ಭಯವಾದರೋ ಬಹುಬೇಗ ಕ್ರೋಧದ ರೂಪವನ್ನು ತಾಳುತ್ತದೆ. ಊರು ಬಿಟ್ಟು ಬಂದು ಈ ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ನಮ್ಮಂತಹ ಸಂಸಾರಗಳಲ್ಲಿ ಆ ಕ್ರೋಧಕ್ಕೆ ಹೋಗಲು ಸ್ಥಳವೂ ಇಲ್ಲ. ಊರಿನಲ್ಲಿ ಮುನಿದ ಮಗು ಹಿತ್ತಿಲಿಗೋ ದೊಡ್ಡಪ್ಪನ ಮನೆಗೋ ಹೋಗುತ್ತಿತ್ತು. ಸಂಜೆಯೊಳಗೆ ಯಾರಾದರೂ ಹಿರಿಯರು ಕೈಹಿಡಿದು ಕರೆತರುತ್ತಿದ್ದರು. ಇಲ್ಲಿ ಎರಡು ಕೋಣೆಗಳ ಫ್ಲಾಟಿನಲ್ಲಿ ಮುನಿದವರೂ ಮುನಿಸಿಗೆ ಕಾರಣರಾದವರೂ ಒಂದೇ ಫ್ಯಾನಿನ ಕೆಳಗೆ ಕುಳಿತಿರಬೇಕು.

ನಮ್ಮ ಮನೆಯಲ್ಲಿ ನಡೆದುದನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳಿನ ಕತ್ತಿರಿ ಬಿಸಿಲಿನ ದಿನಗಳಲ್ಲಿ, ಮಗಳ ಹನ್ನೆರಡನೆಯ ತರಗತಿಯ ಫಲಿತಾಂಶ ಬಂದಿತು. ಅಂಕಗಳು ನಾವು ಎಣಿಸಿದ್ದಕ್ಕಿಂತ ಕಡಿಮೆ. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆವೇನೋ, ಅಂದೇ ಸಂಜೆ ಅವಳು, ತನಗೆ ಇಂಜಿನಿಯರಿಂಗ್ ಬೇಡವೆಂದೂ, ಎರಡು ವರ್ಷ ಗಣಿತ-ಭೌತಶಾಸ್ತ್ರಗಳನ್ನು ಓದಿದ್ದು ನಮಗೆ ಹೆದರಿಯೇ ಎಂದೂ ಹೇಳಿಬಿಟ್ಟಳು. ನಾವು ದಂಪತಿಗಳು ಬೈಯಲಿಲ್ಲ, ಕೈಯೆತ್ತಲಿಲ್ಲ. ಮಾತು ನಿಲ್ಲಿಸಿದೆವು. ನಾಲ್ಕು ದಿನ ಮನೆಯಲ್ಲಿ ಮೌನ. ಪೂಜೆ ನಿಲ್ಲಲಿಲ್ಲ. ಪೂಜೆಯ ನಂತರ ಅವಳು ಬಂದು ಕೈಯೊಡ್ಡುತ್ತಿದ್ದಳು. ನಾವು ಉದ್ಧರಣೆಯಿಂದ ತೀರ್ಥ ಹಾಕುತ್ತಿದ್ದೆವು. ಅವಳ ಮುಖವನ್ನು ನೋಡುತ್ತಿರಲಿಲ್ಲ. ಮಹತ್ತಾದ ತಾಳ್ಮೆಯಿಂದ ನಡೆದುಕೊಂಡೆವೆಂಬ ಹೆಮ್ಮೆಯೂ ಒಳಗೆ ಇತ್ತು. ನಾಲ್ಕನೆಯ ದಿನ ರಾತ್ರಿ ಅಜ್ಜಿ, ಊಟದ ಎಲೆ ತೆಗೆಯುತ್ತ ಹೇಳಿದರು: "ಮಾತಾಡದೇ ಇರೋದೂ ಒಂದು ಪೆಟ್ಟೇ ಕಣೋ. ಕೈಯಿಂದ ಹೊಡೆದಿದ್ದರೆ ಒಂದು ಗಳಿಗೇಲಿ ಮುಗಿದುಹೋಗ್ತಿತ್ತು."

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮೌನವು ತಪಸ್ಸಲ್ಲವೇ? ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ಮೌನವನ್ನು ಮಾನಸಿಕ ತಪಸ್ಸಿನಲ್ಲಿ ಎಣಿಸಿದ್ದಾನೆ. ಆದರೆ ಅಲ್ಲಿ ಅದು ಒಂಟಿಯಾಗಿ ಬಂದಿಲ್ಲ. ಮನಸ್ಸಿನ ಪ್ರಸನ್ನತೆ, ಸೌಮ್ಯತೆ, ಆತ್ಮನಿಗ್ರಹ, ಭಾವಶುದ್ಧಿ, ಇವುಗಳ ನಡುವೆ ಮೌನವು ಕುಳಿತಿದೆ. ನಮ್ಮ ನಾಲ್ಕು ದಿನಗಳ ಮೌನದಲ್ಲಿ ಸೌಮ್ಯತೆ ಎಲ್ಲಿತ್ತು? ತೀರ್ಥ ಕೊಡುವ ಕೈಯಲ್ಲೇ ಸಿಟ್ಟು ಇತ್ತು. ಬೈಗುಳಕ್ಕೆ ಮಗು ಉತ್ತರ ಕೊಡಬಹುದು; ಮೌನಕ್ಕೆ ಏನೆಂದು ಉತ್ತರ ಕೊಟ್ಟೀತು?

ಇಂತಹ ಹೊತ್ತಿನಲ್ಲಿ ನಮಗೆ ನೆನಪಾಗುವವರು ಮಧ್ಯಗೇಹ ಭಟ್ಟರು. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದ ನಾಲ್ಕನೆಯ ಸರ್ಗವನ್ನು ನಾವೆಲ್ಲರೂ ಆಚಾರ್ಯರ ಸಂನ್ಯಾಸದ ಕಥೆಯೆಂದು ಕೇಳಿದ್ದೇವೆ. ಒಬ್ಬ ತಂದೆಯ ಕಥೆಯೆಂದು ಓದಿದವರು ವಿರಳ. ಬಹುಕಾಲ ಹಂಬಲಿಸಿ ಪಡೆದ ಮಗ ಮನೆ ಬಿಟ್ಟು ಹೊರಟಿದ್ದಾನೆ. ತಂದೆ ಹೋಗಿ ಬೇಡಿದರು, ವಾದಿಸಿದರು, ಮಗನಿಗೇ ನಮಸ್ಕರಿಸಿದರು. ಹಿರಿಯರು ಕಿರಿಯರಿಗೆ ನಮಸ್ಕರಿಸುವುದಿಲ್ಲ, ಆದ್ದರಿಂದ ಇದು ಸಂನ್ಯಾಸಕ್ಕೆ ದೇವರೇ ಕೊಟ್ಟ ಸೂಚನೆ ಎಂದು ಮಗ ಅದನ್ನೇ ತಿರುಗಿಸಿದನು. ಮತ್ತೆ ನೇತ್ರಾವತಿಯನ್ನು ದಾಟಿ ಹಿಂಬಾಲಿಸಿದರು. ಮಗ ಕೌಪೀನ ತೊಟ್ಟರೆ ತಾವು ಸಾಹಸಕ್ಕೆ ಕೈಹಾಕುವುದಾಗಿ ಹೆದರಿಸಿದರು. ಮಗ ಅಲ್ಲಿಯೇ ಬಟ್ಟೆಯನ್ನು ಹರಿದು ಕೌಪೀನ ತೊಟ್ಟು ತೋರಿಸಿದನು. ("ನಾನು ಸತ್ತರೆ ಆಗ ನಿನಗೆ ಗೊತ್ತಾಗುತ್ತದೆ" ಎಂದು ಇಂದಿಗೂ ಹೇಳುವ ತಾಯಿತಂದೆಗಳು ಈ ಭಾಗವನ್ನು ಎರಡು ಸಲ ಓದಬೇಕು.) ಕೊನೆಗೆ, ಒಪ್ಪದಿದ್ದರೆ ಮುಂದೆ ಮಗನನ್ನು ನೋಡುವ ಅವಕಾಶವೇ ಇಲ್ಲವೆಂದು ತಿಳಿದು ತಾಯಿ ಒಪ್ಪಿದರು.

ಮಧ್ಯಗೇಹ ಭಟ್ಟರು ಬಯಸಿದ್ದು ನಡೆಯಲಿಲ್ಲ. ನಡೆದಿದ್ದರೆ ನಮಗೆ ಶಾಸ್ತ್ರವೇ ಇರುತ್ತಿರಲಿಲ್ಲ. ಆದರೂ ಅವರ ನಡತೆಯಲ್ಲಿ ಒಂದನ್ನು ನಾವು ಗಮನಿಸಬೇಕು: ಅವರು ಅತ್ತರು, ಗದರಿಸಿದರು, ಸೋತರು; ಮಾತು ಬಿಡಲಿಲ್ಲ. ಪ್ರತಿ ಸಲವೂ ತಾವೇ ನಡೆದುಕೊಂಡು ಮಗನಿದ್ದಲ್ಲಿಗೆ ಹೋದರು. ಅದೇ ಕಾರಣದಿಂದ ಮಗನೂ ಅವರನ್ನು ಬರಿಗೈಯಲ್ಲಿ ಬಿಡಲಿಲ್ಲ. ಮನೆಗೆ ಇನ್ನೊಬ್ಬ ಮಗ ಹುಟ್ಟುವವರೆಗೆ ಸಂನ್ಯಾಸ ಸ್ವೀಕರಿಸದೆ ಕಾದನು.

ಪಂಚಭೇದಗಳನ್ನು ನಾವು ಬಾಯಿಪಾಠವಾಗಿ ಬಲ್ಲೆವು. ಜೀವಜೀವಭೇದವೆಂದರೆ ಪಕ್ಕದ ಮನೆಯವರಿಗೂ ನಮಗೂ ಇರುವ ಭೇದ ಮಾತ್ರವೆಂದು ಹೇಗೋ ಭಾವಿಸಿಬಿಟ್ಟಿದ್ದೇವೆ. ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಬೇರೊಂದು ಜೀವ. ಅವಳ ಸ್ವಭಾವ ಅನಾದಿ. ಅದನ್ನು ನಾವು ಮಾಡಿದ್ದಲ್ಲ. ಹಾಗೆಂದು ನಮ್ಮ ಹೊಣೆ ತಪ್ಪಿತೇ? ಇಲ್ಲ. ಅನ್ನ, ವಿದ್ಯೆ, ಎಚ್ಚರಿಕೆಯ ಮಾತು, ಇವೆಲ್ಲ ನಮ್ಮ ಕರ್ತವ್ಯವೇ. ಅವಳ ಸ್ವಭಾವಕ್ಕೆ ನಾವು ಒಡೆಯರೆಂಬ ಭಾವವು ಮಾತ್ರ ಕರ್ತವ್ಯದಲ್ಲಿ ಸೇರಿಲ್ಲ.

ಈ ನಗರವೂ ಸುಲಭವಾದುದಲ್ಲ. ಮೊದಲ ರ್‍ಯಾಂಕುಗಳ ಪಟ್ಟಿ ಪ್ರಕಟಿಸುವುದನ್ನು ತಮಿಳುನಾಡು ಸರ್ಕಾರವೇ 2017ರಲ್ಲಿ ಕೈಬಿಟ್ಟಿತು. ನಮ್ಮ ಸಮಾರಾಧನೆಯ ಪಂಕ್ತಿಗಳಲ್ಲಿ ಮಾತ್ರ ಆ ಪಟ್ಟಿ ಇನ್ನೂ ಪ್ರಕಟವಾಗುತ್ತಿದೆ. ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ನಮಗೆ ಸಿಟ್ಟು ಬಂದರೆ ಅಚ್ಚಗನ್ನಡ ಬರುತ್ತದೆ, ಅವರಿಗೆ ದುಃಖ ಬಂದರೆ ತಮಿಳು ಬರುತ್ತದೆ. "ಕನ್ನಡದಲ್ಲಿ ಮಾತಾಡು" ಎಂದು ನಾವು ಆಗಲೂ ತಿದ್ದಿದರೆ ಹೇಳಬೇಕಾದುದು ಅಲ್ಲಿಗೇ ನಿಂತುಹೋಗುತ್ತದೆ. ಆತ್ಮಹತ್ಯೆಯ ನಿವಾರಣೆಗಾಗಿ ಮನೋವೈದ್ಯೆ ಡಾ. ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ ಚೆನ್ನೈಯಲ್ಲಿ 'ಸ್ನೇಹಾ' ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಯ ಸ್ವಯಂಸೇವಕರು ಮುಖ್ಯವಾಗಿ ಮಾಡುವುದು ಉಪದೇಶವಲ್ಲ, ಕೇಳಿಸಿಕೊಳ್ಳುವುದು. ಮನೆಯಲ್ಲಿ ಕೇಳಿಸಿಕೊಳ್ಳುವವರಿಲ್ಲದೆ ಅಪರಿಚಿತರ ಕಿವಿಯನ್ನು ಹುಡುಕುವ ಮಕ್ಕಳೂ ಇದ್ದಾರೆಂಬುದನ್ನು ನೆನೆದಾಗ ಆ ನಾಲ್ಕು ದಿನಗಳು ಇಂದಿಗೂ ನಮ್ಮನ್ನು ನಡುಗಿಸುತ್ತವೆ.

ಐದನೆಯ ದಿನ ಬೆಳಿಗ್ಗೆ ತೀರ್ಥ ಕೊಡುವಾಗ ನಾವು ಅವಳ ಹೆಸರು ಹಿಡಿದು ಕರೆದೆವು. ಬೇರೇನೂ ಹೇಳಲು ತೋಚಲಿಲ್ಲ. ಅವಳು ಒಡನೆಯೇ ಸಮಾಧಾನಗೊಳ್ಳಲಿಲ್ಲ. ನಾವು ನಾಲ್ಕು ದಿನ ಮಾಡಿದ್ದನ್ನು ಅವಳು ಎರಡು ದಿನ ನಮಗೆ ಮಾಡಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ವಾಣಿಜ್ಯ ಓದಿದರೆ ಏನಾಗಬಹುದೆಂದು ಒಂದು ಗಂಟೆ ಮಾತನಾಡಿದಳು, ಅರ್ಧ ಕನ್ನಡ, ಅರ್ಧ ತಮಿಳು. ಅವಳ ಆಯ್ಕೆಯ ವಿಷಯದಲ್ಲಿ ನಮ್ಮ ಅಸಮಾಧಾನವು ಪೂರ್ತಿಯಾಗಿ ಹೋಗಿದೆಯೆಂದು ಹೇಳಿದರೆ ಸುಳ್ಳಾದೀತು. ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಏಕಾದಶಿಯ ದಿನ ಮರೆಯದೆ ಫೋನ್ ಮಾಡುತ್ತಾಳೆ, ತಾನು ಉಪವಾಸವಿಲ್ಲವೆಂದು ತಾನಾಗಿಯೇ ಹೇಳುತ್ತಾಳೆ. ನಾವು "ಹೂಂ" ಎಂದು, ಊಟಕ್ಕೆ ಏನು ಮಾಡಿಕೊಂಡೆ ಎಂದು ಕೇಳುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥