ಒಬ್ಬರಿಗೆ ಬಂದ ಕರೆ, ಮನೆಯವರೆಲ್ಲ ಹೋದ ಗುಳೆ

ಬಾದಾಮಿಯಿಂದ ಇಳಕಲ್ಲಿನವರೆಗಿನ ಸೀಮೆಯಲ್ಲಿ ‘ಗುಳೆ’ ಎಂಬ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಪಾತ್ರೆ ಹಾಸಿಗೆ ಗಂಟು ಕಟ್ಟಿಕೊಂಡು, ಮಕ್ಕಳನ್ನು ಬಗಲಿಗೆ ಹಾಕಿಕೊಂಡು ಗೋವಾಕ್ಕೋ ಮಂಗಳೂರಿಗೋ ಬಸ್ಸು ಹತ್ತುವುದು ಗುಳೆ. ಬಾದಾಮಿಗೆ ಹತ್ತಿರದ ಗುಳೇದಗುಡ್ಡವಂತೂ ತನ್ನ ಹೆಸರಿನಲ್ಲೇ ಈ ಮಾತನ್ನು ಇಟ್ಟುಕೊಂಡಿದೆ. ಗುಳೆ ಬಂದವರು ನೆಲೆಸಿದ ಗುಡ್ಡ ಎಂದು ಊರವರು ಅದಕ್ಕೆ ಅರ್ಥ ಹೇಳುತ್ತಾರೆ. ಖಣಕ್ಕೆ ಹೆಸರಾದ ಈ ನೇಕಾರರ ಊರಿಗೆ 1851ರಲ್ಲಿ ಮತ್ತೊಂದು ಬಗೆಯ ಗುಳೆ ಬಂತು. ಬಾಸೆಲ್ ಮಿಶನ್ ಇಲ್ಲೊಂದು ಠಾಣೆ ತೆರೆಯಿತು. ಜರ್ಮನಿ, ಸ್ವಿಟ್ಜರ್ಲೆಂಡಿನ ಕುಟುಂಬಗಳು ಸಮುದ್ರ ದಾಟಿ, ಘಟ್ಟ ಹತ್ತಿ, ಈ ಕೆಂಪು ಕಲ್ಲಿನ ಗುಡ್ಡಗಳ ನಡುವೆ ಸಂಸಾರ ಹೂಡಿದವು.

ಕನ್ನಡ ಓದುವ ವಿದ್ಯಾರ್ಥಿಗಳಿಗೆ ಈ ಮಿಶನ್ ಹೊಸದಲ್ಲ. 1815ರಲ್ಲಿ ಬಾಸೆಲ್ ಪಟ್ಟಣದಲ್ಲಿ ಹುಟ್ಟಿ 1834ರಲ್ಲಿ ಮಂಗಳೂರಿಗೆ ಬಂದ ಸಂಸ್ಥೆ ಅದು. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ನಿಘಂಟು ಮುಗಿಸಿ ಕೊಟ್ಟ ಫರ್ಡಿನಾಂಡ್ ಕಿಟೆಲ್ ಇಬ್ಬರೂ ಅಲ್ಲಿಯವರೇ. ಇವರ ಬಗ್ಗೆ ನಮ್ಮ ವಿಭಾಗಗಳಲ್ಲಿ ನಡೆಯುವ ವಾದವೂ ಹಳೆಯದು. ಇವರು ಬಂದದ್ದು ಭಾಷೆಯ ಸೇವೆಗೋ ಮತಾಂತರಕ್ಕೋ, ವಸಾಹತುಶಾಹಿಯ ನೆರಳಿನಲ್ಲಿ ಮಾಡಿದ ಕೆಲಸವನ್ನು ಹೇಗೆ ತೂಗಬೇಕು ಎಂಬ ವಾದ. ಅದು ಮುಗಿಯದ ವಾದ, ಮುಗಿಯಬೇಕಾಗಿಯೂ ಇಲ್ಲ. ಅದಕ್ಕೆ ಬೆನ್ನು ತಿರುಗಿಸದೆ ಇಲ್ಲಿ ಬೇರೊಂದು ಪ್ರಶ್ನೆ ಕೇಳಬೇಕೆನಿಸಿದೆ. ಕರೆ ಬಂದದ್ದು ಒಬ್ಬರಿಗೆ. ಹೊರಟದ್ದು ಇಡೀ ಮನೆ. ಒಬ್ಬರ ಕರೆಗೆ ಮನೆಯವರೆಲ್ಲ ಓಗೊಡಬೇಕೆಂದು ಕೇಳುವ ಹಕ್ಕು ಯಾರಿಗಾದರೂ ಇದೆಯೇ?

ಬಾಸೆಲ್ ಮಿಶನ್ನಿನ ನಿಯಮಗಳು ಈ ಪ್ರಶ್ನೆಯನ್ನು ತೀರ ಹರಿತವಾಗಿ ನಮ್ಮ ಮುಂದೆ ಇಡುತ್ತವೆ. ಮಿಶನರಿ ಒಂಟಿಯಾಗಿಯೇ ಹೊರಡಬೇಕಿತ್ತು. ಒಂದೆರಡು ವರ್ಷ ಕೆಲಸ ಮಾಡಿ, ಭಾಷೆ ಕಲಿತ ಮೇಲೆ ಮದುವೆಗೆ ಬಾಸೆಲಿನ ಸಮಿತಿಯ ಅನುಮತಿ ಕೇಳಬಹುದಿತ್ತು. ಎಷ್ಟೋ ವಧುಗಳು ಮುಖ ಕಾಣದ ವರನನ್ನು ಮದುವೆಯಾಗಲು ಹಡಗು ಹತ್ತಿದರು. ಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಕಠಿಣ. ಶಾಲೆಯ ವಯಸ್ಸಿಗೆ, ಅಂದರೆ ಸುಮಾರು ಆರು ತುಂಬುವಾಗ, ಮಗುವನ್ನು ಯುರೋಪಿಗೆ ಕಳಿಸಬೇಕಿತ್ತು. ಅಂಥ ಮಕ್ಕಳಿಗಾಗಿ 1853ರಲ್ಲಿ ಬಾಸೆಲಿನಲ್ಲಿ ಒಂದು ಮಕ್ಕಳ ಮನೆಯನ್ನೇ ತೆರೆದರು. ಅಲ್ಲಿಂದ ಮುಂದೆ ಅಪ್ಪ ಅಮ್ಮ ಎಂದರೆ ಕಾಗದದಲ್ಲಿ ಬರುವವರು.

ಹೆಸರು ಹಿಡಿದೇ ನೋಡೋಣ. ಹರ್ಮನ್ ಗುಂಡರ್ಟ್ ನಮಗೆ ನೆರೆಯವರು. ತಲಶ್ಶೇರಿಯಲ್ಲಿದ್ದು ಮಲಯಾಳಕ್ಕೆ ನಿಘಂಟು ಕೊಟ್ಟವರು, 1872ರಲ್ಲಿ. ಅವರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ. ಸುಮಾರು ನಾಲ್ಕನೆಯ ವಯಸ್ಸಿನಲ್ಲಿ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಕೆಲಸಕ್ಕೆ ಮರಳಿದರು. ಅವಳು ಮತ್ತೆ ಅವರನ್ನು ಸೇರಿಕೊಂಡದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ನಡುವಿನ ಹತ್ತು ಹನ್ನೊಂದು ವರ್ಷ ಎಲ್ಲಿ ಹೋದವು? ಗುಂಡರ್ಟರ ನಿಘಂಟು ನಮ್ಮ ಕಪಾಟಿನಲ್ಲಿದೆ. ಆ ವರ್ಷಗಳಿಗೆ ಕಪಾಟಿಲ್ಲ.

ಕಿಟೆಲ್ ಮನೆಯಲ್ಲೂ ಹೀಗೇ. 1860ರಲ್ಲಿ ಮದುವೆಯಾಗಿ ಬಂದ ಪೌಲೀನ್ ನಾಲ್ಕು ವರ್ಷಕ್ಕೆ ತೀರಿಕೊಂಡರು. ಮುಂದೆ ಆಕೆಯ ಸೋದರಿ ಯೂಲಿ ಅದೇ ಮನೆಗೆ ಬಂದರು. ನಿಘಂಟಿನ ಮುಖಪುಟದಲ್ಲಿ ಒಂದೇ ಹೆಸರಿದೆ, ಬೆಂಗಳೂರಿನಲ್ಲಿ ನಿಂತ ಪ್ರತಿಮೆಯೂ ಒಬ್ಬರದೇ.

ಇದು ಹತ್ತೊಂಬತ್ತನೆಯ ಶತಮಾನದ ಕಥೆ, ಈಗ ಹಾಗಿಲ್ಲ ಎನ್ನಬಹುದು. ಹಾಗಾದರೆ ಹಡಗಿನ ಕಾಲ ಬಿಟ್ಟು ವಿಮಾನದ ಕಾಲಕ್ಕೆ ಬರೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಶನ್ ಪೈಲಟ್ ಎಂಬ ಹೊಸ ವೃತ್ತಿ ಬಂತು. ರಸ್ತೆಯಿಲ್ಲದ ಕಾಡುಗಳಲ್ಲಿ ಪುಟ್ಟ ವಿಮಾನ ಹಾರಿಸಿ ಔಷಧಿ, ಆಹಾರ, ಜನರನ್ನು ಸಾಗಿಸುವ ಕೆಲಸ. ದಕ್ಷಿಣ ಅಮೆರಿಕದ ಎಕ್ವಡಾರಿನಲ್ಲಿ ನೇಟ್ ಸೇಂಟ್ ಎಂಬ ಅಮೆರಿಕದ ಪೈಲಟ್ ಕಾಡಿನ ಅಂಚಿನ ಶೆಲ್ ಮೇರಾ ಎಂಬಲ್ಲಿ ಹೆಂಡತಿ ಮಕ್ಕಳೊಂದಿಗೆ ನೆಲೆಸಿದ್ದರು. ಅವರು ಮೇಲೆ ಹಾರುವಾಗ ಹೆಂಡತಿ ಮಾರ್ಜ್ ಕೆಳಗೆ ರೇಡಿಯೋ ಮುಂದೆ ಕೂತಿರುತ್ತಿದ್ದರು. ವಿಮಾನ ಎಲ್ಲಿದೆ, ಯಾವ ಠಾಣೆಗೆ ಏನು ಬೇಕು, ಎಲ್ಲಿ ಮೋಡ ಕವಿದಿದೆ, ಎಲ್ಲ ಅವರ ಕಿವಿಯ ಮೇಲೆ ಹಾದುಹೋಗುತ್ತಿತ್ತು. ಜತೆಗೆ ಮೂವರು ಮಕ್ಕಳು, ಬಂದುಹೋಗುವವರ ಊಟ ವಸತಿ. 1956ರ ಜನವರಿ 8ರಂದು ಕುರಾರಾಯ್ ನದಿಯ ದಂಡೆಯಲ್ಲಿ ನೇಟ್ ಸೇಂಟ್ ಮತ್ತು ಜತೆಗಿದ್ದ ನಾಲ್ವರನ್ನು ಹುವಾವೊರಾನಿ ಬುಡಕಟ್ಟಿನವರು ಈಟಿಯಿಂದ ಕೊಂದರು. ಕರೆಯದೆ ತಮ್ಮ ಕಾಡಿಗೆ ಇಳಿದವರನ್ನು ಅವರು ಶತ್ರುಗಳೆಂದು ತಿಳಿದದ್ದರಲ್ಲಿ ಅಚ್ಚರಿಯಿಲ್ಲ. ಮುಂದಿನದು ಇನ್ನೂ ಕಠಿಣ. 1958ರಲ್ಲಿ, ಸತ್ತವರಲ್ಲಿ ಒಬ್ಬರ ಹೆಂಡತಿ ಎಲಿಸಬೆತ್ ಎಲಿಯಟ್, ನೇಟ್ ಅವರ ಅಕ್ಕ ರೇಚಲ್ ಜತೆ ಅದೇ ಜನರ ನಡುವೆ ಬಾಳಲು ಹೋದರು. ಅವರ ಕೈ ಹಿಡಿದು ಹೋದದ್ದು ಮೂರು ವರ್ಷದ ಮಗಳು ವ್ಯಾಲರಿ.

ಈ ಘಟನೆಯನ್ನು ಕ್ಷಮೆಯ ಮಹಾಕಥೆಯಾಗಿ ಹೇಳುವವರಿದ್ದಾರೆ. ಒಂದು ಬುಡಕಟ್ಟಿನ ಬದುಕಿನ ಮೇಲಿನ ದಾಳಿಯಾಗಿ ಹೇಳುವವರೂ ಇದ್ದಾರೆ. ಎರಡೂ ಕಥೆಗಳಲ್ಲಿ ವ್ಯಾಲರಿ ತಾಯಿಯ ಸೊಂಟದ ಮೇಲಿದ್ದಾಳೆ, ಮಾತಾಡುವುದಿಲ್ಲ. ತಾಯಿಯ ಧೈರ್ಯ ತಾಯಿಯದು. ಆದರೆ ಮಗಳನ್ನು ಅಪಾಯಕ್ಕೆ ಒಡ್ಡಿದ್ದನ್ನೂ ತಾಯಿಯ ತ್ಯಾಗದ ಖಾತೆಗೇ ಸೇರಿಸಬಹುದೇ? ನನ್ನ ಹೊಲ ನಾನು ದಾನ ಕೊಟ್ಟರೆ ಅದು ದಾನ. ಅಕ್ಕನ ಪಾಲಿನ ಹೊಲವನ್ನೂ ಸೇರಿಸಿ ಕೊಟ್ಟು ದಾನಶೂರ ಎನಿಸಿಕೊಂಡರೆ?

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಯಾವ ಮಗುವನ್ನು ಕೇಳಿ ಯಾರು ಬದುಕು ಕಟ್ಟಿದ್ದಾರೆ? ಹಳ್ಳಿಯಲ್ಲೇ ಉಳಿದ ಅಪ್ಪನೂ ಮಗನ ಒಪ್ಪಿಗೆ ಪಡೆದಿರುವುದಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಗೆ ಬಂದಾಗ ನವನಗರದ ಸೆಕ್ಟರುಗಳಿಗೆ ಹೋದ ಮನೆಗಳಲ್ಲಿ ಮಕ್ಕಳ ಮತ ಎಣಿಸಿದವರಿಲ್ಲ. ದೊಡ್ಡವರ ಮಾತೂ ಅಲ್ಲಿ ಎಷ್ಟು ನಡೆಯಿತು ಎಂಬುದು ಬೇರೆ ಪ್ರಶ್ನೆ. ಹುಟ್ಟುವುದನ್ನೇ ಯಾರೂ ಆರಿಸಿಕೊಂಡಿಲ್ಲ. ಹಾಗಾಗಿ ಒಪ್ಪಿಗೆಯೊಂದೇ ಅಳತೆಗೋಲಾದರೆ ತಂದೆತಾಯಿಯಾಗುವುದೇ ಅನ್ಯಾಯವಾದೀತು.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಅದು ಎಲ್ಲರಿಗೂ ಸಮನಾಗಿ ಅನ್ವಯಿಸುವುದಿಲ್ಲ. ಮಗುವನ್ನು ಕೇಳಲಾಗದು, ದೊಡ್ಡವರನ್ನು ಕೇಳಬಹುದು. ಹಾಗೆ ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಹುನಗುಂದ ತಾಲೂಕಿನಲ್ಲೇ ಒಂದು ಕಥೆ ಇದೆ. ಕಲ್ಯಾಣದ ಗದ್ದಲದ ಹೊತ್ತಿಗೆ ಬಸವಣ್ಣ ಕೂಡಲಸಂಗಮಕ್ಕೆ ಮರಳಿದರು. ಹೆಂಡತಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದರು ಎನ್ನುತ್ತದೆ ಶರಣ ಪರಂಪರೆ. ನೀಲಮ್ಮ ತಿರುಗಿ ಕೇಳಿದ್ದರ ಸಾರ ಇಷ್ಟು: ಸಂಗಯ್ಯ ಅಲ್ಲಿ ಇದ್ದಾನೆಂದರೆ ಇಲ್ಲಿ ಇಲ್ಲವೇ? ಕೃಷ್ಣೆಯ ಆಚೆ ದಂಡೆಯ ತಂಗಡಗಿಯಲ್ಲಿ ಆಕೆ ಐಕ್ಯಳಾದಳೆಂದು ನಂಬಿಕೆ, ಇವತ್ತಿಗೂ ಅಲ್ಲಿ ಆಕೆಯ ಮಂಟಪವಿದೆ. ಈ ಕಥೆಯನ್ನು ಭಕ್ತಿಯ ಪರಾಕಾಷ್ಠೆ ಎಂದು ಓದುವುದು ರೂಢಿ. ನನಗೆ ಇದರಲ್ಲಿ ಒಂದು ನೈತಿಕ ನಡೆಯೂ ಕಾಣುತ್ತದೆ. ಗಂಡನ ಕರೆಗೆ ಹೆಂಡತಿ ‘ಹೂಂ’ ಎನ್ನಲಿಲ್ಲ, ‘ಊಹೂಂ’ ಎಂದೂ ಜಗಳವಾಡಲಿಲ್ಲ. ತಾನು ನಿಂತ ಜಾಗದಿಂದ, ತನ್ನದೇ ಅರಿವಿನಿಂದ ಉತ್ತರ ಕೊಟ್ಟಳು. ಪರಂಪರೆ ಆ ಉತ್ತರವನ್ನು ಅವಳ ಹೆಸರಿನಲ್ಲೇ ಉಳಿಸಿಕೊಂಡಿತು. ಕೇಳುವುದು ಎಂದರೆ ಇಂಥ ಉತ್ತರಕ್ಕೂ ಎಡೆ ಇಟ್ಟು ಕೇಳುವುದು. ನಮ್ಮ ಕಾಲದಲ್ಲಿ ಗಂಡನ ಕೆಲಸದ ಹಿಂದೆ ಅಮೆರಿಕಕ್ಕೆ ಹೋಗುವ ಎಷ್ಟೋ ವಿದ್ಯಾವಂತ ಹೆಣ್ಣುಮಕ್ಕಳ ಕಾಗದಪತ್ರದ ಮೇಲೆ ‘ಡಿಪೆಂಡೆಂಟ್’ ಎಂದು ಬರೆದಿರುತ್ತದೆ. ಮಾರ್ಜ್ ರೇಡಿಯೋ ಬಿಟ್ಟು ಎದ್ದಿದ್ದರೆ ಯಾರು ಯಾರನ್ನು ಅವಲಂಬಿಸಿದ್ದರು ಎಂಬುದು ಆ ಗಳಿಗೆಯಲ್ಲೇ ತಿಳಿಯುತ್ತಿತ್ತು.

ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ನೇಕಾರರ ಮನೆಯೊಳಗೆ ಕಾಲಿಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಮಗ್ಗದ ಮೇಲೆ ಕೂತವನು ನೇಕಾರ. ನೂಲು ಬಿಡಿಸುವ ಅಜ್ಜಿ, ಕಂಡಿಕೆ ಸುತ್ತುವ ಹೆಂಡತಿ, ಶಾಲೆಯಿಂದ ಬಂದು ಕೈಜೋಡಿಸುವ ಮಗಳು ‘ಮನೆಯವರು’. ಸೀರೆ ಮಾತ್ರ ಎಲ್ಲರದು.

ಇನ್ನು ಮಗುವಿನ ಪ್ರಶ್ನೆ. ಕೇಳಲಾಗದವರ ಬದುಕನ್ನು ನಮ್ಮ ಕರೆಯ ಜತೆ ಕಟ್ಟಿಕೊಂಡು ಹೊರಟಾಗ ನಮ್ಮ ಮೇಲೆ ಏನು ಬೀಳುತ್ತದೆ? ಇಲ್ಲಿ ನಮ್ಮ ಭಾಷೆಯಲ್ಲೇ ಎರಡು ಪದಗಳಿವೆ, ತ್ಯಾಗ ಮತ್ತು ಋಣ. ತ್ಯಾಗ ಎಂದ ಕೂಡಲೇ ಲೆಕ್ಕ ಮುಗಿಯುತ್ತದೆ. ಕೊಟ್ಟದ್ದು ಕೊಟ್ಟಾಯಿತು, ಕೊಟ್ಟವರು ದೊಡ್ಡವರಾದರು. ಋಣ ಎಂದರೆ ಲೆಕ್ಕದ ಪುಸ್ತಕ ತೆರೆದೇ ಇರುತ್ತದೆ, ಕೇಳುವವರು ಯಾವಾಗ ಬೇಕಾದರೂ ಬಂದು ಕೇಳಬಹುದು. ‘ನಾವು ದೇವರಿಗಾಗಿ ಮಕ್ಕಳನ್ನು ಬಿಟ್ಟೆವು’ ಎನ್ನುವ ಮಾತಿನಲ್ಲಿ ಮಗು ಕೊಟ್ಟ ವಸ್ತುವಾಗುತ್ತದೆ. ‘ನಮ್ಮ ಕೆಲಸಕ್ಕೆ ನಮ್ಮ ಮಗಳು ಹತ್ತು ವರ್ಷ ತೆತ್ತಳು’ ಎಂದರೆ ಮಗಳು ಕೊಟ್ಟವಳಾಗುತ್ತಾಳೆ. ಘಟನೆ ಒಂದೇ. ಆದರೆ ಎರಡನೆಯ ಮಾತಿನಲ್ಲಿ ಮಾತ್ರ ಮಗಳಿಗೆ ಎದುರು ನಿಂತು ಕೇಳುವ ಹಕ್ಕಿದೆ.

ವಿಚಿತ್ರವೆಂದರೆ ಈ ಋಣದ ಮಾತು ಬರುವುದು ಹಸಿವಿಗೆ ಗುಳೆ ಹೋದವರ ಬಾಯಲ್ಲಿ. ಗುತ್ತಿಗೆದಾರನ ಮುಂಗಡ ಹಿಡಿದು ಕಟ್ಟಡದ ಕೆಲಸಕ್ಕೆ ಹೋಗಿ ಬಂದ ತಾಯಿ ಯಾವತ್ತೂ ತ್ಯಾಗ ಮಾಡಿದೆ ಎನ್ನುವುದಿಲ್ಲ. ‘ನಮ್ ಸಲುವಾಗಿ ಹುಡುಗಿ ಸಾಲಿ ತಪ್ತು’ ಎನ್ನುತ್ತಾಳೆ. ಅವಳಿಗೆ ಆಯ್ಕೆಯೇ ಇರಲಿಲ್ಲ, ಆದರೂ ಬಾಕಿ ತನ್ನ ಮೇಲಿದೆ ಎನ್ನುತ್ತಾಳೆ. ಆಯ್ಕೆ ಮಾಡಿ ಹೊರಟವರು ಮಾತ್ರ ಬಾಕಿಯನ್ನು ಪುಣ್ಯವೆಂದು ಬರೆದುಕೊಳ್ಳುತ್ತಾರೆ. ದೊಡ್ಡ ಕೆಲಸದ ಅಪಾಯ ಇರುವುದೇ ಇಲ್ಲಿ. ದೊಡ್ಡ ಹೆಸರಿನ ಹಿಂದೆ ಸಣ್ಣವರ ಬಾಕಿ ಕಾಣದಾಗುತ್ತದೆ.

ಈ ಬಾಕಿಯ ಪಟ್ಟಿಯಲ್ಲಿ ಇನ್ನೊಬ್ಬರಿದ್ದಾರೆ. ಪರದೇಶದಲ್ಲಿ ಒಂದು ಸಂಸಾರ ನೆಲೆ ಕಂಡಿತು ಎಂದರೆ ಅಲ್ಲಿ ಯಾರೋ ಅದನ್ನು ನೆಲೆ ನಿಲ್ಲಿಸಿದರು ಎಂದೇ ಅರ್ಥ. ನೀರು ತಂದವರು, ರೊಟ್ಟಿ ಬಡಿದವರು, ಭಾಷೆ ಕಲಿಸಿದ ಮುನ್ಷಿ, ಮಗುವನ್ನು ಎತ್ತಿ ಆಡಿಸಿದ ಆಯಾ. ಆ ಕಾಲದ ಮಿಶನ್ ಫೋಟೋಗಳಲ್ಲಿ ಬಂಗಲೆಯ ಜಗುಲಿಯ ಮೇಲೆ ಕುಟುಂಬದ ಜತೆ ಆಯಾ ಕೂಡ ನಿಂತಿರುವುದುಂಟು. ಸಾಹೇಬರ ಹೆಸರು ಕೆಳಗೆ ಇರುತ್ತದೆ. ಆಕೆ ಸಾಮಾನ್ಯವಾಗಿ ‘ಆಯಾ’ ಅಷ್ಟೆ. ಆರು ವರ್ಷ ಮಡಿಲಲ್ಲಿ ಬೆಳೆದ ಮಗು ಹಡಗು ಹತ್ತಿದ ದಿನ ಆಕೆಗೆ ಏನಾಯಿತು? ಕರೆ ಆಕೆಗೂ ಬಂದಿರಲಿಲ್ಲ, ಅಗಲಿಕೆ ಮಾತ್ರ ಆಕೆಗೂ ಬಂತು.

ಮರೀ ಮುಂದೆ ಮಿಶನರಿಯನ್ನೇ ಮದುವೆಯಾದಳು. 1870ರಲ್ಲಿ ಆತ ತೀರಿಕೊಂಡ ಮೇಲೆ ಇನ್ನೊಬ್ಬ ಮಿಶನರಿ ಯೊಹಾನೆಸ್ ಹೆಸ್ಸೆಯ ಕೈ ಹಿಡಿದಳು. ತಂದೆಯ ಕರೆಯನ್ನು ಅವಳು ತನ್ನದೂ ಮಾಡಿಕೊಂಡಳು ಎನ್ನಬಹುದು. ಆದ್ದರಿಂದ ಬಾಕಿ ತೀರಿತು ಎನ್ನಲಾಗದು, ಮಗಳು ಕ್ಷಮಿಸಿದಳೆಂಬುದು ಮಗಳ ದೊಡ್ಡತನ. ಅವಳ ಮಗ ಹರ್ಮನ್ ಹೆಸ್ಸೆ. ಅವನನ್ನೂ ಮನೆಯವರು ದೇವರ ಕೆಲಸಕ್ಕೆಂದು ಮೌಲ್‌ಬ್ರಾನ್ ಸೆಮಿನರಿಗೆ ಸೇರಿಸಿದ್ದರು, 1892ರಲ್ಲಿ ಅವನು ಅಲ್ಲಿಂದ ಓಡಿಹೋದ. ಮೂವತ್ತು ವರ್ಷದ ಮೇಲೆ ಅವನು ಬರೆದ ‘ಸಿದ್ಧಾರ್ಥ’ ನಮ್ಮಲ್ಲಿ ಅನೇಕರು ಓದಿರುವ ಕಾದಂಬರಿ. ಅದರಲ್ಲಿ ಕರೆ ಕೇಳಿ ತಂದೆಯನ್ನು ಬಿಟ್ಟು ಹೋದ ಸಿದ್ಧಾರ್ಥನನ್ನು ಕೊನೆಗೆ ಅವನ ಮಗನೇ ಬಿಟ್ಟು ಓಡಿಹೋಗುತ್ತಾನೆ. ಆಗ ತನ್ನ ತಂದೆಯ ನೋವು ಅವನಿಗೆ ಕಾಣುತ್ತದೆ. ಬಾಕಿ ಒಂದು ತಲೆಮಾರು ದಾಟಿ ಬಂದು ಬಾಗಿಲು ತಟ್ಟಿದ ಹಾಗೆ.

ಕರೆ ಬಂದವರು ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಹೋಗದಿದ್ದರೆ ನಿಘಂಟು ಇಲ್ಲ, ಔಷಧಿ ಇಲ್ಲ, ಎಷ್ಟೋ ಹೋರಾಟಗಳಿಲ್ಲ. ಧರ್ಮದ ಕರೆಗಷ್ಟೇ ಈ ಮಾತಲ್ಲ. ಸಂಶೋಧನೆ, ಕಲೆ, ಚಳವಳಿ, ಸೈನ್ಯ, ಎಲ್ಲ ಕರೆಗಳ ಹಿಂದೆಯೂ ಯಾರದೋ ಮನೆ ಗಂಟು ಕಟ್ಟುತ್ತದೆ. ಫೆಲೋಶಿಪ್ ಬರುವುದು ತಡವಾದ ತಿಂಗಳು ಮನೆಯ ಖರ್ಚು ಯಾರ ಕೂಲಿಯಲ್ಲಿ ನಡೆಯಿತು ಎಂಬುದು ನಮ್ಮಂಥ ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಗೊತ್ತಿರುವ ವಿಷಯವೇ. ಹೋಗುವವರು ಹೋಗಲಿ. ಕೇಳಬಹುದಾದವರನ್ನು ನಿಜವಾಗಿ ಕೇಳಿ ಹೋಗಲಿ. ಕೇಳಲಾಗದವರ ಮುಂದೆ ಮಾತ್ರ ತ್ಯಾಗಿಯ ಪೋಷಾಕು ಕಳಚಿಟ್ಟು ಸಾಲಗಾರರಾಗಿ ನಿಲ್ಲಲಿ. ಮಗು ಬೆಳೆದು ಒಂದು ದಿನ ‘ನನ್ನನ್ನು ಯಾಕೆ ಇಲ್ಲಿಗೆ ತಂದಿರಿ?’ ಎಂದು ಕೇಳಿದರೆ ದೇವರನ್ನೋ ದೇಶವನ್ನೋ ಜ್ಞಾನವನ್ನೋ ಮುಂದೆ ಮಾಡದೆ, ಕೂತು ಪೂರ್ತಿ ಕೇಳಿಸಿಕೊಳ್ಳುವಷ್ಟು ಹೊತ್ತು ಅವರಲ್ಲಿರಲಿ.