ಅಶಕ್ತ ಶಿಶುವೂ ಪಂಕ್ತಿಯ ಸಮತೆಯೂ



ಪಂಕ್ತಿಭೇದವಿಲ್ಲದ ದಾಸೋಹವು ಶರಣಧರ್ಮದ ಹಿರಿಮೆ. ಬಂದವರಿಗೆಲ್ಲ ಒಂದೇ ಅನ್ನ, ಒಂದೇ ನೀರು. ಮಠದ ಪ್ರಸಾದನಿಲಯದಲ್ಲಿ ಉಂಡು ಕಲಿತ ತಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಒಂದೇ ನೀರು ಒಬ್ಬನಿಗೆ ನಿರಪಾಯವೂ ಮತ್ತೊಬ್ಬನಿಗೆ ಪ್ರಾಣಾಂತಿಕವೂ ಆಗುವುದಾದರೆ, ಅದನ್ನು ಇಬ್ಬರಿಗೂ ಸಮನಾಗಿ ಬಡಿಸಿದ ಮಾತ್ರಕ್ಕೆ ಸಮತೆ ಸಿದ್ಧಿಸಿತೇ?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಯೊಂದುಂಟು. 1907ರಲ್ಲಿ ಅಮೆರಿಕದ ಟೈಝರ್ ಎಂಬ ವಿಜ್ಞಾನಿ ಅದನ್ನು ಇಲಿಗಳಲ್ಲಿ ಕಂಡು ವಿವರಿಸಿದನು. ಮನುಷ್ಯರಿಗೂ ಅದು ಅಂಟುವುದೆಂದು ತಿಳಿದದ್ದು 1976ರಲ್ಲಿ. ಕವಚ ಧರಿಸಿದ ಅದರ ಕೋಶದ ಗಾತ್ರ ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲು. ನಾವು ನೀರಿಗೆ ಬೆರೆಸುವ ಕ್ಲೋರಿನ್ನಿಗೆ ಅದು ಜಗ್ಗದು. ನೀರನ್ನು ಚೆನ್ನಾಗಿ ಕುದಿಸಿದರೆ ಸಾಯುವುದು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ನಲ್ಲಿ ನೀರಿನಲ್ಲಿ ಇದು ಸೇರಿದಾಗ ಸುಮಾರು 4 ಲಕ್ಷ ಜನರು ಭೇದಿಯಿಂದ ಬಳಲಿದರು. ಬಲವಂತರು ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಸತ್ತವರಲ್ಲಿ ಬಹುಪಾಲು ಏಡ್ಸ್ ರೋಗದಿಂದ ದೇಹದ ರಕ್ಷಣಾಶಕ್ತಿ ಕುಂದಿದವರು. ನೀರು ಒಂದೇ, ಫಲ ಬೇರೆ.

ಮಕ್ಕಳಲ್ಲಿ ಈ ಶಕ್ತಿ ಕುಂದಲು ಏಡ್ಸ್ ಒಂದೇ ಕಾರಣವಲ್ಲ. ರಕ್ತದ ಅರ್ಬುದಕ್ಕೆ ಚಿಕಿತ್ಸೆ ಪಡೆಯುವ ಮಗು, ಮೂತ್ರಪಿಂಡದ ಕಾಯಿಲೆಗಾಗಿ ಸ್ಟೀರಾಯ್ಡ್ ಸೇವಿಸುವ ಮಗು, ಎಲ್ಲಕ್ಕಿಂತ ಹೆಚ್ಚಾಗಿ ಹೊಟ್ಟೆಗಿಲ್ಲದೆ ಸೊರಗಿದ ಮಗು, ಇವರೆಲ್ಲರೂ ಆ ಸಾಲಿನವರೇ. ಹಸಿವು ರೋಗಕ್ಕೆ ಬಾಗಿಲು ತೆರೆಯುವುದು. ಭೇದಿಯು ಉಂಡದ್ದನ್ನೂ ಕಸಿದು ಹಸಿವನ್ನು ಹೆಚ್ಚಿಸುವುದು.

ಮಿಲ್ವಾಕಿಯ ಮಾತು ನಮಗೇಕೆ ಎನ್ನದಿರಿ. ನಮ್ಮ ಕೆಲಗೇರಿಯ ಕೆರೆಯನ್ನೇ ನೋಡಿರಿ. ಒಂದು ಕಾಲಕ್ಕೆ ಧಾರವಾಡದ ದಾಹವನ್ನು ತಣಿಸಿದ ಜಲವದು. ಊರಿಗೆ ಮಲಪ್ರಭೆಯ ನೀರು ಬಂದ ಮೇಲೆ ಕೆರೆಯ ಚಿಂತೆ ನಮಗೆ ದೂರವಾಯಿತು. ಕೊಳಚೆ ಸೇರುವುದೆಂಬ ದೂರು ಮಾತ್ರ ಉಳಿಯಿತು. ಯಾವ ಜಲಕ್ಕೆ ಮನುಷ್ಯರ ಮಲವೂ ಎಳೆಗರುಗಳ ಸಗಣಿಯೂ ಹರಿದು ಸೇರುವುದೋ, ಅಲ್ಲಿ ಇಂಥ ಜೀವಿಗಳಿಗೆ ದಾರಿ ತೆರೆದಂತೆಯೇ. "ನಾವು ಇದೇ ನೀರು ಕುಡಿದು ಬೆಳೆದವರು, ನಮಗೇನಾಗಿದೆ?" ಎನ್ನುವವರುಂಟು. ತಮಗೇನೂ ಆಗಲಿಲ್ಲವೆಂಬುದು ತಮ್ಮ ದೇಹಬಲದ ಸಾಕ್ಷಿಯೇ ಹೊರತು ನೀರಿನ ಶುದ್ಧಿಯ ಸಾಕ್ಷಿಯಲ್ಲ.

ಹಾಗಾದರೆ ಅಶಕ್ತ ಮಗುವಿಗೆ ಬೇರೆ ಕೊಡ, ಬೇರೆ ಲೋಟ ಇಡೋಣವೇ? ಇಲ್ಲಿಯೇ ಎಚ್ಚರ ಬೇಕು. ಬೇರೆ ಲೋಟವು ಇಂದು ಕಾಳಜಿಯಾಗಿ ಕಂಡು ನಾಳೆ ಸೂತಕವಾಗುವುದು. ಪಂಚಸೂತಕಗಳನ್ನು ನಿರಾಕರಿಸಿದ ಶರಣರ ಮಕ್ಕಳು ಆರನೆಯ ಸೂತಕವೊಂದನ್ನು ಹುಟ್ಟಿಸಬಾರದು. ಎಚ್.ಐ.ವಿ. ಸೋಂಕಿತರಿಗೆ ಶಾಲೆಯಲ್ಲಾಗಲಿ ವಸತಿಯಲ್ಲಾಗಲಿ ಭೇದವೆಣಿಸಬಾರದೆಂದು 2017ರ ಕಾಯಿದೆಯೂ ವಿಧಿಸಿದೆ. ಕಾಯಿದೆಗಿಂತ ಎಷ್ಟೋ ಮೊದಲೇ ನಮ್ಮ ಧರ್ಮವು ಅದನ್ನು ವಿಧಿಸಿದೆ.

ದಾರಿ ಇಷ್ಟೇ: ಎಲ್ಲರ ನೀರನ್ನೂ ಅತ್ಯಂತ ಅಶಕ್ತನ ಅಳತೆಗೆ ಏರಿಸಬೇಕು. ಪಂಕ್ತಿಯಲ್ಲಿ ಕುಳಿತ ಅಷ್ಟೂ ಮಕ್ಕಳಿಗೂ ಕುದಿಸಿ ಆರಿಸಿದ ನೀರನ್ನೇ ಕೊಟ್ಟರೆ, ಅವರಲ್ಲಿ ರೋಗಿ ಯಾರೆಂದು ಕೇಳುವ ಅಗತ್ಯವೇ ಇಲ್ಲ. ಮಗುವಿನ ಪ್ರಾಣವೂ ಉಳಿಯುವುದು, ಮಾನವೂ ಉಳಿಯುವುದು. ನೂರಾರು ಮಕ್ಕಳಿಗೆ ನೀರು ಕಾಯಿಸಲು ಉರುವಲು ಬೇಕು, ಆಳು ಬೇಕು, ನಿಜ. ಆದರೆ ಅಕ್ಕಿ ಬೇಯಿಸಲು ಬೇಕಾದ ಉರುವಲನ್ನು ವೆಚ್ಚವೆಂದು ನಾವು ಎಂದಾದರೂ ಲೆಕ್ಕ ಹಾಕಿದ್ದೇವೆಯೇ? ಅನ್ನದಷ್ಟೇ ನೀರೂ ದಾಸೋಹದ ಅಂಗವಲ್ಲವೇ?

ಮದ್ದಿನ ಹೊಣೆ ವೈದ್ಯರದು. 2004ರಿಂದ ಸರ್ಕಾರವು ಎಚ್.ಐ.ವಿ. ಔಷಧವನ್ನು ಉಚಿತವಾಗಿ ಕೊಡುತ್ತಿದೆ. ರಕ್ಷಣಾಶಕ್ತಿ ಮರಳಿದರೆ ಇಂಥ ಸೋಂಕುಗಳೂ ಹಿಂಜರಿಯುವುವು. ಮದ್ದು ಫಲಿಸುವವರೆಗೆ ಆ ಮಗುವನ್ನು ಕಾಯುವ ಹೊಣೆ ಮಾತ್ರ ನಮ್ಮೆಲ್ಲರದು. ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದೆಂದು ಭಾವಿಸುವ ನಾವು, ಬಾಯಾರಿದ ಮಗುವಿನ ಕೈಗೆ ಕೊಡುವ ನೀರಿನಲ್ಲಿಯೂ ಅದೇ ಶ್ರದ್ಧೆಯನ್ನಿಡೋಣ.