ಹಾಳೆಯಲ್ಲಿ ಅಡಗಿರುವ ಆನೆ

ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಹತ್ತಿರ ಬಂತೆಂದರೆ ಆಲಂಕಾರಿನ ಕಡೆಯ ಮನೆಗಳಲ್ಲಿ ಛದ್ಮವೇಷದ್ದೇ ಮಾತು. ಹೆಚ್ಚಿನವರು ಪುತ್ತೂರಿಗೆ ಫೋನು ಮಾಡಿ ಬಾಡಿಗೆ ಡ್ರೆಸ್ಸು ಹೇಳಿಬಿಡುತ್ತಾರೆ. ತೋಟದ ಕೆಲಸ, ಹಾಲು ಕೊಂಡುಹೋಗುವ ಗಡಿಬಿಡಿ. ಪುರುಸೊತ್ತಿಲ್ಲ ಎನ್ನುವುದು ಸುಳ್ಳಲ್ಲ. ಆದರೂ ಪ್ರಾಣಿಯ ವೇಷವಾದರೆ ಮನೆಯಲ್ಲೇ ಕಟ್ಟಿ ಎಂದು ಕೇಳಿಕೊಳ್ಳುತ್ತೇನೆ. ದುಡ್ಡು ಉಳಿಯುತ್ತದೆಂದಲ್ಲ. ಬಾಡಿಗೆಗೆ ಸಿಗುವ ಕರಡಿ ನಮ್ಮ ಕರಡಿಯೇ ಅಲ್ಲ, ಕಂದು ಬಣ್ಣದ ಗುಂಡುಮುಖದ ಗೊಂಬೆ. ನಮ್ಮ ಕಾಡಿನದ್ದು ಕಪ್ಪಗೆ, ಕೂದಲು ಕೆದರಿಕೊಂಡು, ಮಾಸಲು ಬಿಳಿ ಮೂತಿಯದ್ದು. ಎದೆಯ ಮೇಲೆ ಬಿಳಿ ಪಟ್ಟಿ ಬೇರೆ.

ಇಲ್ಲಿನ ಮಗುವಿಗೆ ಆನೆಯೇ ಸರಿ. ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದಾಗ ದೇವಸ್ಥಾನದ ಆನೆ ಯಶಸ್ವಿಯನ್ನು ಅದು ನೋಡಿರುತ್ತದೆ. ಕಡಬದ ಕಾಡಂಚಿನಲ್ಲಿ ಕಾಡಾನೆ ತೋಟಕ್ಕೆ ಇಳಿದ ಸುದ್ದಿಯನ್ನು ದೊಡ್ಡವರು ಹೆದರಿಕೆಯಿಂದ ಮಾತಾಡುವುದನ್ನೂ ಕೇಳಿರುತ್ತದೆ. ಇನ್ನು ಸಾಮಾನಿಗೆ ಅಂಗಡಿಗೆ ಹೋಗಬೇಕಾಗಿಲ್ಲ. ಅಡಿಕೆ ಮರದಿಂದ ಸೋಗೆ ಬೀಳುವಾಗ ಹಾಳೆ ಸಮೇತ ಬೀಳುತ್ತದಲ್ಲ, ಅದನ್ನು ಹಾಳೆ ಮೇಲೆ, ದಂಟು ಕೆಳಗೆ ಮಾಡಿ ಹಿಡಿದು ನೋಡಿ. ಅಗಲವಾದದ್ದು ಹಣೆ, ಸಪೂರವಾಗುತ್ತ ಇಳಿದದ್ದು ಸೊಂಡಿಲು. ಅರ್ಧ ಆನೆಯನ್ನು ಮರವೇ ಮಾಡಿ ಕೊಟ್ಟಿರುತ್ತದೆ.

ಹಾಳೆಯನ್ನು ರಾತ್ರಿ ನೀರಿನಲ್ಲಿ ಹಾಕಿಡಬೇಕು. ಒಣ ಹಾಳೆಗೆ ಕತ್ತರಿ ಹಾಕಿದರೆ ನಾರಿನ ಉದ್ದಕ್ಕೂ ಸೀಳಿಬಿಡುತ್ತದೆ. ಮೆತ್ತಗಾದ ಮೇಲೆ ಮಗುವಿನ ಮುಖಕ್ಕೆ ಹಿಡಿದು, ಕಣ್ಣಿನ ಜಾಗ ಗುರುತು ಮಾಡಿ, ತೂತು ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿ. ವೇದಿಕೆಯ ಮೆಟ್ಟಿಲು ಕಾಣಬೇಕು. ಒಣಗುವಾಗ ಹಾಳೆ ಒಳಕ್ಕೆ ಸುರುಟಿಕೊಳ್ಳುತ್ತದೆ. ಹಾಗಾಗಿ ಹಣೆಯನ್ನು ಮಡಕೆಯ ಮೇಲೆ ಬಿಗಿದು ಕಟ್ಟಿ, ಇನ್ನೊಂದು ಹಾಳೆಯಿಂದ ಕತ್ತರಿಸಿದ ಕಿವಿಗಳನ್ನು ಕಲ್ಲಿನ ಅಡಿಯಲ್ಲಿಟ್ಟು ಒಣಗಿಸುವುದು. ಮಳೆ ಬಿಡದಿದ್ದರೆ ಒಲೆಯ ಮೇಲಿನ ಅಟ್ಟವೇ ಗತಿ, ಇಲ್ಲವಾದರೆ ಬೂಸರು ಬರುತ್ತದೆ. ದಂಟು ಭಾರವಾಗಿ ಮುಖವಾಡವನ್ನು ಕೆಳಗೆ ಎಳೆದರೆ ಗಿಡ್ಡ ಮಾಡಿ, ಹಳೇ ಪ್ಯಾಂಟಿನ ಕಾಲಿಗೆ ಬೈಹುಲ್ಲು ತುಂಬಿ ದಬ್ಬಣದಲ್ಲಿ ಹೊಲಿದರಾಯಿತು. ಸೊಂಡಿಲು ಬೀಸುತ್ತದೆ, ಮಗುವಿಗೆ ಅದೇ ಸಂಭ್ರಮ. ಬಣ್ಣಕ್ಕೆ ಮೈದಾ ಅಂಟಿನಲ್ಲಿ ಕಲಸಿದ ಒಲೆಯ ಬೂದಿ ಸಾಕು.

ಕೆಲಸ ಹೀಗೆ ಸಾಗುವಾಗಲೇ ಪ್ರಶ್ನೆಗಳು ಏಳುವುದು. “ಅಜ್ಜ, ಯಶಸ್ವಿಗೆ ದಂತ ಉಂಟಾ?” ಇಲ್ಲ, ಅದು ಹೆಣ್ಣಾನೆ, ನಮ್ಮ ಕಡೆಯ ಹೆಣ್ಣಾನೆಗೆ ದಂತ ಹೊರಗೆ ಕಾಣುವುದಿಲ್ಲ. ಕಿವಿ ಎಷ್ಟು ದೊಡ್ಡದು? ಆಫ್ರಿಕಾದ ಆನೆಯದ್ದಕ್ಕಿಂತ ಸಣ್ಣದು. ಸೊಂಡಿಲ ತುದಿಯಲ್ಲಿ ಬೆರಳಿನಂಥದ್ದು ನಮ್ಮದಕ್ಕೆ ಒಂದು, ಅಲ್ಲಿಯದಕ್ಕೆ ಎರಡು. ಉತ್ತರ ಅಜ್ಜನಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕುತ್ತಾರೆ. ಬಾಡಿಗೆಯ ಆನೆಗೆ ಹೆಣ್ಣು ಗಂಡೆಂದಿಲ್ಲ, ದಂತ ಇದ್ದೇ ಇರುತ್ತದೆ, ಅದರ ಬಗ್ಗೆ ಕೇಳುವುದಕ್ಕೂ ಏನಿಲ್ಲ.

ಹುಲಿಯೇ ಆಗಬೇಕೆಂದು ಹಟ ಹಿಡಿಯುವ ಮಕ್ಕಳೂ ಇದ್ದಾರೆ. ನವರಾತ್ರಿಯಲ್ಲಿ ಹುಲಿವೇಷದ ತಾಸೆಯ ಪೆಟ್ಟು ಕೇಳಿ ಬೆಳೆದವರಿಗೆ ಆ ಆಸೆ ಸಹಜ. ಆದರೆ ಮೈಗೆ ಪೈಂಟು ಬಳಿಸಿಕೊಂಡು ಗಂಟೆಗಟ್ಟಲೆ ಕೈ ಚಾಚಿ ಒಣಗುವುದು ಹರಕೆ ಹೊತ್ತ ದೊಡ್ಡವರ ವ್ರತ. ಎಣ್ಣೆ ಪೈಂಟನ್ನು ತೆಗೆಯಲು ಸೀಮೆಎಣ್ಣೆ ಉಜ್ಜಬೇಕು. ಆರು ವರ್ಷದ ಚರ್ಮಕ್ಕೆ ಖಂಡಿತ ಬೇಡ. ಬಿಳಿ ಬನಿಯನ್ನನ್ನು ಅರಸಿನ ನೀರಿನಲ್ಲಿ ಕುದಿಸಿ, ಇದ್ದಿಲಿನಿಂದ ಪಟ್ಟೆ ಎಳೆಯಿರಿ. ಹಾಳೆಯ ಕಿವಿಗೆ ಹಿಂದಿನಿಂದ ಕಪ್ಪು ಬಳಿದು ನಡುವೆ ಒಂದು ಬಿಳಿ ಚುಕ್ಕೆ ಇಡುವುದನ್ನು ಮಾತ್ರ ಬಿಡಬೇಡಿ, ನಿಜವಾದ ಹುಲಿಗೆ ಅದು ಇದೆ.

ಕ್ಲಸ್ಟರ್ ಮಟ್ಟದಲ್ಲಿ ತೀರ್ಪುಗಾರರಾಗಿ ಕೂರುವ ಮೇಷ್ಟ್ರು, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ಮಿನುಗುವ ಬಟ್ಟೆಯ ಪಕ್ಕದಲ್ಲಿ ಬೂದಿ ಬಳಿದ ಆನೆ ಮಂಕಾಗಿ ಕಾಣುತ್ತದೆ. ಅಂಕ ಹಾಕುವ ಮೊದಲು ಪ್ರತಿ ಮಗುವನ್ನೂ ಹತ್ತಿರ ಕರೆದು, ಇದನ್ನು ಯಾರು ಮಾಡಿದ್ದು, ಹೇಗೆ ಮಾಡಿದ್ದು ಎಂದು ಕೇಳಿ. ಹೇಳಲು ಬರುವ ಮಗುವಿಗೆ ಅದಕ್ಕೂ ಅಂಕ ಕೊಡಿ.